ಪೋರ್ಷೆ ಬಾಕ್ಸ್‌ಸ್ಟರ್ (986): ದ್ರವ ಸೋರಿಕೆಯ ಪತ್ತೆ ಮತ್ತು ಕ್ಲಚ್ ಬದಲಾವಣೆ

ಪೋರ್ಷೆ ಬಾಕ್ಸ್‌ಸ್ಟರ್ 986 ಎಂಬುದು ಜರ್ಮನಿಯ ಪೋರ್ಷೆ ಸಂಸ್ಥೆಯು 1996ರಿಂದ 2004ರವರೆಗೆ ತಯಾರಿಸಿದ ಎರಡು ಆಸನಗಳ ಸ್ಪೋರ್ಟ್ಸ್ ಕಾರು. ಇದರ ಆರು ಸಿಲಿಂಡರಿನ ಎಂಜಿನ್ ಆಸನಗಳ ಹಿಂದೆ ಅಡಗಿದ್ದು, ಗೇರ್‌ಬಾಕ್ಸ್ ಅದಕ್ಕೂ ಹಿಂದಿದೆ. ಎಂಜಿನ್ ಸುಲಭವಾಗಿ ಕಣ್ಣಿಗೆ ಬೀಳದ ಕಾರಣ, ಸೋರಿಕೆಯ ಮೊದಲ ಸುಳಿವು ಸಾಮಾನ್ಯವಾಗಿ ನೆಲದ ಮೇಲಿನ ಕಲೆಯೇ ಆಗಿರುತ್ತದೆ.

ದ್ರವವನ್ನು ಗುರುತಿಸುವುದು

ಕಾರಿನಡಿಯಲ್ಲಿ ರಾತ್ರಿ ರಟ್ಟನ್ನು ಹಾಸಿದರೆ ಕಲೆಯ ಬಣ್ಣ ಮತ್ತು ಸ್ಥಾನ ಎರಡೂ ತಿಳಿಯುತ್ತವೆ. ಕಂದು ಅಥವಾ ಕಪ್ಪು ಬಣ್ಣದ ಜಾರುವ ದ್ರವ ಎಂಜಿನ್ ಎಣ್ಣೆ. ಗೇರ್ ಎಣ್ಣೆಗೆ ಗಂಧಕದಂತಹ ಕಟುವಾಸನೆಯಿದೆ. ಕೂಲಂಟ್ ಸಿಹಿವಾಸನೆಯದು, ಒಣಗಿದಾಗ ಅಂಟಂಟಾದ ಗುರುತು ಬಿಡುತ್ತದೆ. ಈ ಮಾದರಿಯಲ್ಲಿ ಹಿಂದಿನ ಡಿಕ್ಕಿಯಲ್ಲಿರುವ ಪ್ಲಾಸ್ಟಿಕ್ ಕೂಲಂಟ್ ತೊಟ್ಟಿ ಬಿರುಕು ಬಿಡುವುದುಂಟು. ತಿಳಿಹಳದಿ ಬಣ್ಣದ ತೆಳುದ್ರವ ಗೇರ್‌ಬಾಕ್ಸ್ ಬಳಿ ಕಂಡರೆ ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನು ಪರಿಶೀಲಿಸಬೇಕು. ಕ್ಲಚ್ ಮತ್ತು ಬ್ರೇಕುಗಳಿಗೆ ದ್ರವದ ತೊಟ್ಟಿ ಒಂದೇ ಆದುದರಿಂದ ಈ ಸೋರಿಕೆಯನ್ನು ಮುಂದೂಡುವಂತಿಲ್ಲ. ಏರ್ ಕಂಡೀಷನರ್ ಚಾಲೂ ಇದ್ದಾಗ ತೊಟ್ಟಿಕ್ಕುವ ಶುದ್ಧ ನೀರು ದೋಷವಲ್ಲ.

ಓಡುವ ಕಾರಿನಡಿಯ ಗಾಳಿ ಎಣ್ಣೆಯನ್ನು ಹಿಂದಕ್ಕೆ ಹರಡುವುದರಿಂದ, ಒದ್ದೆಯಾದ ಜಾಗವೇ ಸೋರಿಕೆಯ ಮೂಲವೆಂದು ತಿಳಿಯಬಾರದು. ಕೆಳಭಾಗವನ್ನು ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಮೇಲಿನಿಂದ ಕೆಳಕ್ಕೆ ಪರೀಕ್ಷಿಸುವುದು ಸರಿಯಾದ ಕ್ರಮ. ಜಾಕಿನ ಮೇಲಷ್ಟೇ ನಿಂತ ಕಾರಿನಡಿಗೆ ಹೋಗುವುದು ಪ್ರಾಣಾಪಾಯಕರ. ಸ್ಟ್ಯಾಂಡುಗಳ ಆಧಾರ ಅಗತ್ಯ.

ಎಂಜಿನ್-ಗೇರ್‌ಬಾಕ್ಸ್ ಸಂಧಿಯ ಎಣ್ಣೆ

ಎಂ96 ಎಂಜಿನ್ನಿನ ಪ್ರಸಿದ್ಧ ಸೋರಿಕೆ ಈ ಸಂಧಿಯ ತಳದಲ್ಲಿ ಕಾಣಿಸುತ್ತದೆ. ಮೂಲ ಎರಡಿರಬಹುದು: ಕ್ರ್ಯಾಂಕ್‌ಷಾಫ್ಟಿನ ಹಿಂಬದಿಯ ಆಯಿಲ್ ಸೀಲ್, ಇಲ್ಲವೇ ಅದರ ಸಮೀಪದಲ್ಲಿರುವ ಇಂಟರ್‌ಮೀಡಿಯೆಟ್ ಷಾಫ್ಟಿನ ಬೇರಿಂಗ್ ಮುಚ್ಚಳ. ಹೊರಗಿನಿಂದ ಇವೆರಡನ್ನು ಪ್ರತ್ಯೇಕಿಸುವುದು ಕಷ್ಟ. ಮೊದಲನೆಯದು ಬಹುಪಾಲು ಕಿರಿಕಿರಿಯಷ್ಟೇ. ಆದರೆ ಎರಡನೆಯದರ ಹಿಂದಿನ ಬೇರಿಂಗ್ ಒಡೆದರೆ ವಾಲ್ವುಗಳ ಚಲನೆಯ ಕಾಲಕ್ರಮ ತಪ್ಪಿ, ಅವು ಪಿಸ್ಟನ್ನುಗಳಿಗೆ ಬಡಿದು ಎಂಜಿನ್ ನಾಶವಾಗಬಹುದು. ಆದ್ದರಿಂದ ಆಯಿಲ್ ಫಿಲ್ಟರನ್ನು ಬಿಚ್ಚಿ ಲೋಹದ ಚೂರುಗಳಿವೆಯೇ ಎಂದು ನೋಡುವುದು ರೂಢಿಯಲ್ಲಿದೆ.

ಕ್ಲಚ್ ಬದಲಾವಣೆ

ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸುತ್ತುಗಳು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸವೆತದಂತೆಯೇ ಸೀಲಿನಿಂದ ಬಂದ ಎಣ್ಣೆಯೂ ಇದಕ್ಕೆ ಕಾರಣವಾಗಬಹುದು. ಎಣ್ಣೆ ಹೀರಿದ ಕ್ಲಚ್ ಪ್ಲೇಟನ್ನು ತೊಳೆದು ಮರುಬಳಸುವುದು ನಿಷ್ಪ್ರಯೋಜಕ.

ಎಂಜಿನ್ನನ್ನು ಇಳಿಸದೆ, ಆಧಾರ ಕೊಟ್ಟು, ಗೇರ್‌ಬಾಕ್ಸನ್ನಷ್ಟೇ ಹಿಂದಕ್ಕೆ ಎಳೆದು ಕೆಳಗಿಳಿಸಲಾಗುತ್ತದೆ. ಪ್ಲೇಟ್, ಪ್ರೆಶರ್ ಪ್ಲೇಟ್ ಮತ್ತು ರಿಲೀಸ್ ಬೇರಿಂಗ್‌ಗಳನ್ನು ಒಟ್ಟಿಗೆ ಬದಲಿಸುತ್ತಾರೆ. ಎರಡು ಭಾಗಗಳುಳ್ಳ ಫ್ಲೈವೀಲಿನಲ್ಲಿ ಸಡಿಲತೆ ಮಿತಿ ಮೀರಿದ್ದರೆ ಅದನ್ನೂ ಬದಲಿಸಬೇಕು. ವೆಚ್ಚದ ಬಹುಪಾಲು ಬಿಚ್ಚಿ ಜೋಡಿಸುವ ದುಡಿಮೆಗೇ ಸಲ್ಲುವುದರಿಂದ, ಹಿಂಬದಿ ಸೀಲು ಹಾಗೂ ಷಾಫ್ಟಿನ ಬೇರಿಂಗನ್ನು ಇದೇ ವೇಳೆ ಬದಲಿಸುವುದು ಮಿತವ್ಯಯಕರ. ಬೇರಿಂಗ್ ತೆಗೆಯುವ ಮೊದಲು ಕ್ರ್ಯಾಂಕ್‌ಷಾಫ್ಟ್ ಮತ್ತು ಕ್ಯಾಮ್‌ಷಾಫ್ಟುಗಳನ್ನು ಅಲುಗದಂತೆ ಬಂಧಿಸಲೇಬೇಕು; ಇಲ್ಲದಿದ್ದರೆ ರಿಪೇರಿಯೇ ಎಂಜಿನ್ನಿಗೆ ಮುಳುವಾಗುತ್ತದೆ. ನಂತರದ ಟೆಫ್ಲಾನ್ ಮಾದರಿಯ ಸೀಲನ್ನು ಎಣ್ಣೆ ಸವರದೆ ಒಣದಾಗಿಯೇ ಕೂರಿಸಲಾಗುತ್ತದೆ.

ಹೊಸ ಪ್ಲೇಟನ್ನು ಕೇಂದ್ರೀಕರಿಸುವ ಉಪಕರಣದಿಂದ ಮಧ್ಯಕ್ಕೆ ತಂದು, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಮಾಡುತ್ತಾರೆ.