ತಲಾ ಆದಾಯ, ಕುಟುಂಬದ ಆದಾಯ ಮತ್ತು ಆದಾಯದ ಅಸಮಾನತೆ: ಸಾರ್ವಜನಿಕರ ಮಾಹಿತಿಗಾಗಿ

ಆದಾಯ ಪ್ರಮಾಣ ಪತ್ರ ಅಥವಾ ಪಡಿತರ ಚೀಟಿಗೆ ಅರ್ಜಿ ಸಲ್ಲಿಸುವವರಲ್ಲಿ ಅನೇಕರು ಜಿಲ್ಲೆಯ ತಲಾ ಆದಾಯದ ಅಂಕಿಯನ್ನು ಕಂಡು, ತಮ್ಮ ಕುಟುಂಬಕ್ಕೆ ಅಷ್ಟು ಆದಾಯವಿಲ್ಲವೆಂದು ಸಂದೇಹ ವ್ಯಕ್ತಪಡಿಸುತ್ತಾರೆ. ಈ ಎರಡು ಲೆಕ್ಕಗಳ ವ್ಯತ್ಯಾಸವನ್ನು ಹಾಗೂ ಅವುಗಳನ್ನು ಹೊಂದಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ತಲಾ ಆದಾಯ ಎಂದರೇನು?

ಒಂದು ವರ್ಷದಲ್ಲಿ ಜಿಲ್ಲೆಯ ಗಡಿಯೊಳಗೆ ಕೃಷಿ, ಕೈಗಾರಿಕೆ ಮತ್ತು ಸೇವಾ ವಲಯಗಳಲ್ಲಿ ಉಂಟಾದ ಮೌಲ್ಯವರ್ಧನೆಯನ್ನು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ಅಂದಾಜಿಸುತ್ತದೆ. ಇದರಿಂದ ಸವಕಳಿಯನ್ನು ಕಳೆದು ಜನಸಂಖ್ಯೆಯಿಂದ ಭಾಗಿಸಿದಾಗ ತಲಾ ಆದಾಯ ದೊರೆಯುತ್ತದೆ. ಇದು ಸರಾಸರಿ ಮಾತ್ರ.

ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದ ಘಟಕಗಳ ಹಾಗೂ ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಉತ್ಪಾದನೆಯು ಕಲಬುರಗಿ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತದೆ. ಆದರೆ ಕಂಪನಿಯು ತನ್ನಲ್ಲಿಯೇ ಉಳಿಸಿಕೊಂಡ ಲಾಭವಾಗಲಿ, ಹೊರಗಿನ ಷೇರುದಾರರಿಗೆ ಸಂದಾಯವಾದ ಲಾಭಾಂಶವಾಗಲಿ ಸ್ಥಳೀಯ ಕುಟುಂಬಗಳ ಕೈಸೇರುವುದಿಲ್ಲ. ಅದೇ ರೀತಿ, ದುಡಿಯಲು ಮುಂಬೈ, ಪುಣೆಗೆ ಹೋದವರು ಮನೆಗೆ ಕಳುಹಿಸುವ ಹಣವು ಜಿಲ್ಲೆಯ ಉತ್ಪನ್ನದಲ್ಲಿ ಸೇರಿರುವುದಿಲ್ಲ.

2. ಹಂಚಿಕೆಯನ್ನು ತಿಳಿಯುವುದು ಹೇಗೆ?

ರಾಷ್ಟ್ರೀಯ ಲೆಕ್ಕಗಳು ಒಟ್ಟು ಮೊತ್ತವನ್ನು ತಿಳಿಸುತ್ತವೆ. ಯಾರಿಗೆ ಎಷ್ಟು ಸಂದಿತೆಂಬುದು ಮನೆ ಮನೆಯ ಸಮೀಕ್ಷೆಯಿಂದ ತಿಳಿಯಬೇಕು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಂತೆ ದೇಶದಲ್ಲಿ ತಿಂಗಳ ತಲಾ ವೆಚ್ಚವು ಗ್ರಾಮೀಣ ಪ್ರದೇಶದಲ್ಲಿ ರೂ. 4,122 ಮತ್ತು ನಗರ ಪ್ರದೇಶದಲ್ಲಿ ರೂ. 6,996 ಆಗಿತ್ತು. ಅಸಮಾನತೆಯನ್ನು ಸೂಚಿಸುವ ಗಿನಿ ಗುಣಾಂಕವು ಕ್ರಮವಾಗಿ 0.237 ಮತ್ತು 0.284 ಆಗಿತ್ತು. ಈ ಗುಣಾಂಕವು ಸೊನ್ನೆಯಾದರೆ ಎಲ್ಲರಿಗೂ ಸಮಪಾಲು. ಒಂದರ ಸಮೀಪಕ್ಕೆ ಹೋದಷ್ಟೂ ಅಸಮಾನತೆ ಹೆಚ್ಚು.

ಇವು ವೆಚ್ಚದ ಅಂಕಿಗಳೇ ಹೊರತು ಆದಾಯದವಲ್ಲ. ಅನುಕೂಲಸ್ಥರು ಆದಾಯದ ಹೆಚ್ಚಿನ ಪಾಲನ್ನು ಉಳಿತಾಯ ಮಾಡುವುದರಿಂದ ಆದಾಯದ ಅಸಮಾನತೆಯು ಸಾಮಾನ್ಯವಾಗಿ ವೆಚ್ಚದ ಅಸಮಾನತೆಗಿಂತ ಅಧಿಕವಾಗಿರುತ್ತದೆ. 1950 ಮತ್ತು 1960ರ ದಶಕಗಳಲ್ಲಿ ಆದಾಯವನ್ನೇ ಕೇಳಿ ಸಮೀಕ್ಷೆ ನಡೆಸಲು ಯತ್ನಿಸಲಾಯಿತು. ಜನರು ತಿಳಿಸಿದ ಆದಾಯವು ಅವರ ಬಳಕೆ ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂದುದರಿಂದ ಅದನ್ನು ಮುಂದುವರಿಸಲಿಲ್ಲ. ರಾಷ್ಟ್ರೀಯ ಕುಟುಂಬ ಆದಾಯ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರವು 2025ರಲ್ಲಿ ಪ್ರಕಟಿಸಿತು.

3. ಹೊಂದಾಣಿಕೆಯ ವಿಧಾನ

(ಅ) ರಾಷ್ಟ್ರೀಯ ಲೆಕ್ಕಗಳಿಂದ ಕುಟುಂಬ ವಲಯದ ಆದಾಯವನ್ನು ಮಾತ್ರ ಬೇರ್ಪಡಿಸಲಾಗುತ್ತದೆ.
(ಆ) ಅದನ್ನು ವೇತನ ಮತ್ತು ಕೂಲಿ, ಸ್ವಂತ ಉದ್ಯೋಗದ ಆದಾಯ, ಬಡ್ಡಿ ಮತ್ತು ಲಾಭಾಂಶ, ಪಿಂಚಣಿ ಮುಂತಾಗಿ ವಿಂಗಡಿಸಲಾಗುತ್ತದೆ. ಮನೆಬಳಕೆಗೆ ಇಟ್ಟುಕೊಂಡ ಜೋಳ, ತೊಗರಿಯ ಮೌಲ್ಯ ಹಾಗೂ ಸ್ವಂತ ಮನೆಯ ಅಂದಾಜು ಬಾಡಿಗೆಯೂ ಇದರಲ್ಲಿ ಸೇರುತ್ತವೆ.
(ಇ) ಪ್ರತಿಯೊಂದು ಬಾಬಿನಲ್ಲಿ ಸಮೀಕ್ಷೆಯ ಮೊತ್ತವನ್ನು ಲೆಕ್ಕಗಳ ಮೊತ್ತಕ್ಕೆ ಸರಿಹೊಂದಿಸಲಾಗುತ್ತದೆ.

ಉದಾಹರಣೆಗೆ, ಸಮೀಕ್ಷೆಯಲ್ಲಿ ವೇತನ ಮತ್ತು ಕೂಲಿ ರೂ. 40 ಲಕ್ಷ, ಬಡ್ಡಿ ಮತ್ತು ಲಾಭಾಂಶ ರೂ. 10 ಲಕ್ಷ ಬಂದಿದ್ದು, ಲೆಕ್ಕಗಳಲ್ಲಿ ಅವು ಕ್ರಮವಾಗಿ ರೂ. 50 ಲಕ್ಷ ಮತ್ತು ರೂ. 30 ಲಕ್ಷ ಇವೆ ಎಂದು ಭಾವಿಸೋಣ. ಮೊದಲನೆಯದನ್ನು 1.25ರಿಂದ, ಎರಡನೆಯದನ್ನು 3ರಿಂದ ಗುಣಿಸಬೇಕಾಗುತ್ತದೆ. ಆಗ ರೂ. 80,000 ಕೂಲಿ ಪಡೆಯುವ ಕುಟುಂಬದ ಆದಾಯ ರೂ. 1,00,000 ಆಗುತ್ತದೆ. ರೂ. 2,00,000 ವೇತನ ಮತ್ತು ರೂ. 1,00,000 ಬಡ್ಡಿ ಇರುವ ಕುಟುಂಬದ ಆದಾಯ ರೂ. 5,50,000 ಆಗುತ್ತದೆ. ಮೊದಲು 3.75 ಪಟ್ಟು ಇದ್ದ ಅಂತರವು 5.5 ಪಟ್ಟು ಆಗುತ್ತದೆ. ಎಲ್ಲ ಬಾಬುಗಳನ್ನು ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದ್ದರೆ ಈ ಅಂತರವು ಗೋಚರಿಸುತ್ತಿರಲಿಲ್ಲ.

4. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

* ಜಿಲ್ಲೆಯ ತಲಾ ಆದಾಯವನ್ನು ಆಧರಿಸಿ ಯಾವುದೇ ಕುಟುಂಬದ ಆದಾಯವನ್ನು ನಿರ್ಧರಿಸುವುದಿಲ್ಲ. ನಾಡಕಚೇರಿಯ ಅರ್ಜಿಯಲ್ಲಿ ಆಯಾ ಕುಟುಂಬದ ವಾಸ್ತವಿಕ ವಾರ್ಷಿಕ ಆದಾಯವನ್ನೇ ನಮೂದಿಸತಕ್ಕದ್ದು.
* ಆದಾಯ ತಿಳಿಸಿದರೆ ಪಡಿತರ ಚೀಟಿ ರದ್ದಾಗುವುದೆಂಬ ಭಯದಿಂದ ಸಮೀಕ್ಷೆಯಲ್ಲಿ ಕಡಿಮೆ ಹೇಳುವ ಅಗತ್ಯವಿಲ್ಲ. 2008ರ ಸಾಂಖ್ಯಿಕ ಮಾಹಿತಿ ಸಂಗ್ರಹಣಾ ಅಧಿನಿಯಮದಡಿ ಪಡೆದ ವೈಯಕ್ತಿಕ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಮಾತ್ರ ಬಳಸಲು ಅವಕಾಶವಿದೆ.
* ಹಿಂದುಳಿದ ಪ್ರದೇಶಗಳಿಗೆ ಅನುದಾನ ಹಂಚುವಾಗ ಅಂಕಿ ಅಂಶಗಳೇ ಆಧಾರ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದ್ದು ಇಂತಹ ಸೂಚ್ಯಂಕಗಳಿಂದಲೇ. ಕುಟುಂಬಗಳು ನೀಡುವ ಉತ್ತರವು ತಪ್ಪಾದಲ್ಲಿ ಅಸಮಾನತೆಯ ಅಳತೆಯೂ ತಪ್ಪಾಗುತ್ತದೆ. ಆದುದರಿಂದ ಸಮೀಕ್ಷಾ ಸಿಬ್ಬಂದಿಗೆ ನಿಖರ ಮಾಹಿತಿ ನೀಡಿ ಸಹಕರಿಸಲು ಕೋರಲಾಗಿದೆ.