ಹಿಮಾಲಯದ ಹಿಮಕ್ಕೂ ಯಗಟಿಯ ಮಳೆಗೂ ನಂಟೇ?

ಕಡೂರು ತಾಲ್ಲೂಕಿನ ಯಗಟಿ ಕಡೆಯ ಮಕ್ಕಳಿಗೆ ಹಿಮವೆಂದರೆ ಭೂಗೋಳ ಪುಸ್ತಕದಲ್ಲಿನ ಚಿತ್ರ. ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದರೆ ಅದೇ ದೊಡ್ಡ ಸುದ್ದಿ. ಹೀಗಿರುವಾಗ ಎರಡು ಸಾವಿರ ಕಿಲೋಮೀಟರ್ ಆಚೆಯ ಹಿಮಾಲಯದಲ್ಲಿ ಬೀಳುವ ಹಿಮಕ್ಕೂ ಇಲ್ಲಿನ ರಾಗಿ ಹೊಲಕ್ಕೂ ಎತ್ತಣ ಸಂಬಂಧ?

ಸಂಬಂಧವಿದೆ ಎಂದು ಮೊದಲು ಹೇಳಿದವರು ಹೆನ್ರಿ ಬ್ಲಾನ್‌ಫರ್ಡ್. 1875ರಲ್ಲಿ ಆರಂಭವಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರು ಇವರು. ಅದರ ಮರುವರ್ಷವೇ ಮೈಸೂರು ಸೀಮೆಯನ್ನೂ ಒಳಗೊಂಡು ದಕ್ಷಿಣ ಭಾರತಕ್ಕೆ ಭೀಕರ ಬರ ಬಂತು. ಮುಂಗಾರನ್ನು ಮುಂಚೆಯೇ ತಿಳಿಯಬೇಕೆಂಬ ಒತ್ತಾಯ ಹುಟ್ಟಿದ್ದು ಆಗ. ಹಿಮಾಲಯದಲ್ಲಿ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುತ್ತದೆ ಎಂದು ಬ್ಲಾನ್‌ಫರ್ಡ್ 1884ರಲ್ಲಿ ಬರೆದರು.

ಕಾರಣ ಸರಳ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಉಳಿದ ಬಿಸಿಲಿನಲ್ಲಿ ಒಂದಷ್ಟು ಅದನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ. ನೆಲ ಕಾಯುವುದು ತಡವಾಗುತ್ತದೆ. ಕಾದ ನೆಲಕ್ಕೂ ತಂಪು ಕಡಲಿಗೂ ಇರುವ ಅಂತರವೇ ಮುಂಗಾರಿನ ಗಾಳಿಯನ್ನು ಎಳೆದು ತರುವುದರಿಂದ, ಅಂತರ ತಗ್ಗಿದರೆ ಎಳೆತವೂ ತಗ್ಗುತ್ತದೆ. 1966ರಿಂದ ಉಪಗ್ರಹಗಳು ಹಿಮದ ಹೊದಿಕೆಯನ್ನು ಗುರುತಿಸುತ್ತಿವೆ. ಆದರೆ ಈ ನಂಟು ಎಲ್ಲ ವರ್ಷವೂ ಕೈ ಹಿಡಿಯುವುದಿಲ್ಲ. ದೂರದ ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಎಷ್ಟೋ ಸಲ ಹಿಮಕ್ಕಿಂತ ದೊಡ್ಡ ಗಂಡಾಂತರ. ಎಲ್ ನಿನೊ ಇದ್ದ 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು.

ಯಗಟಿಗೆ ಇನ್ನೊಂದು ತೊಡಕೂ ಉಂಟು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲೂ ಬಾಬಾಬುಡನ್‌ಗಿರಿ ಸಾಲಿನಲ್ಲೂ ಬಹುಪಾಲು ನೀರನ್ನು ಸುರಿಸಿಬಿಡುತ್ತವೆ. ನೂರು ಕಿಲೋಮೀಟರ್ ಆಸುಪಾಸಿನ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿದ ಮಳೆ, ಕಡೂರಿಗೆ 600 ಮಿ.ಮೀ. ಆಸುಪಾಸು. ಜುಲೈನಲ್ಲಿ ಮಲೆನಾಡು ತೊಯ್ದು ತೊಪ್ಪೆಯಾಗಿದ್ದರೆ ಇಲ್ಲಿ ಬರೀ ಗಾಳಿ, ಸೋನೆ. ಇಲ್ಲಿನವರು ನೆಚ್ಚುವುದು ಮೇ ತಿಂಗಳ ಗುಡುಗಿನ ಮಳೆಯನ್ನು, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್ ಮಳೆಯನ್ನು. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳೇ ಒಂದು ‘ಮಳೆ’. ಏಪ್ರಿಲ್ ಕೊನೆಗೆ ಭರಣಿ, ಅಕ್ಟೋಬರ್ ಕೊನೆಗೆ ಸ್ವಾತಿ. ತಿಂಗಳ ಲೆಕ್ಕಕ್ಕಿಂತ ಬಿತ್ತನೆಗೆ ಇದೇ ಹತ್ತಿರವೆಂದು ನನಗನ್ನಿಸುತ್ತದೆ.

ಕಡೂರು ಸೀಮೆಯ ಮಳೆಯ ಮನಸ್ಸನ್ನು ಅರಿಯಲು ವೇದಾವತಿ ಹರಿದು ಸೇರುವ ಮಾರಿಕಣಿವೆಯನ್ನು ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ!

ವಿದ್ಯಾರ್ಥಿಗಳು ಮನೆಯಲ್ಲೇ ಮಳೆ ಅಳೆಯಬಹುದು. ತಳದಿಂದ ಬಾಯಿವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಸೂರುಗಳಿಂದ ದೂರ ಬಯಲಲ್ಲಿಡಿ. ಹವಾಮಾನ ಇಲಾಖೆಯವರಂತೆ ದಿನವೂ ಬೆಳಿಗ್ಗೆ 8.30ಕ್ಕೆ ಅಳತೆಪಟ್ಟಿ ಇಳಿಸಿ ಓದಿ, ನೀರು ಚೆಲ್ಲಿ. 2.5 ಮಿ.ಮೀ. ಅಥವಾ ಹೆಚ್ಚು ಬಂದರೆ ಅದು ಇಲಾಖೆಯ ಲೆಕ್ಕದಲ್ಲಿ ‘ಮಳೆಯ ದಿನ’. ಒಂದು ಮಿ.ಮೀ. ಎಂದರೆ ಅಲಕ್ಷ್ಯ ಬೇಡ: ಒಂದು ಎಕರೆಗೆ ಸುಮಾರು 4,000 ಲೀಟರ್ ನೀರು. ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರದ ಹೆಸರನ್ನೂ ಬರೆದಿಡಿ. ಅದನ್ನು ಅಜ್ಜ-ಅಜ್ಜಿಯರೇ ಹೇಳಿಕೊಡುತ್ತಾರೆ.