ಕಣ್ಣಿಗೆ ಕಾಣದ ಒಕ್ಕಲು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಸುತ್ತಮುತ್ತ ರಾಗಿಯ ಹೊಲಗಳಿವೆ. ಬೇಸಿಗೆಯಲ್ಲಿ ಈ ಹೊಲಗಳು ಕಾದು ಒಣಗಿ, ಜೀವದ ಸುಳಿವೇ ಇಲ್ಲದಂತೆ ತೋರುತ್ತವೆ. ಮಳೆಯ ಮೊದಲ ಹನಿಗಳು ಬಿದ್ದೊಡನೆ ಆ ಕೆಂಪು ನೆಲದಿಂದ ಹಿತವಾದ ಕಂಪೊಂದು ಏಳುತ್ತದೆ. ಅದನ್ನು ಮಳೆಯ ವಾಸನೆ ಎಂದು ಹೇಳುವ ರೂಢಿಯುಂಟು. ಆದರೆ ಶುದ್ಧವಾದ ನೀರಿಗೆ ವಾಸನೆಯಿಲ್ಲ. ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಮುಂತಾದ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವೇ ಆ ಕಂಪಿಗೆ ಮುಖ್ಯ ಕಾರಣ. ಬರಡೆಂದು ನಾವು ಭಾವಿಸಿದ ನೆಲವು ಜೀವಿಗಳಿಂದ ತುಂಬಿದೆ ಎಂಬುದಕ್ಕೆ ನಮ್ಮ ಮೂಗೇ ಸಾಕ್ಷಿ. ಫಲವತ್ತಾದ ಮಣ್ಣಿನ ಒಂದೇ ಒಂದು ಗ್ರಾಮಿನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಗಳು ಇರಬಲ್ಲವು. ಇವು ಭೂಮಿಯ ಕಣ್ಣಿಗೆ ಕಾಣದ ಒಕ್ಕಲು.

ಈ ಒಕ್ಕಲು ಎಲ್ಲೆಡೆಯೂ ಒಂದೇ ಬಗೆಯದಲ್ಲ. ಹೊಲದಲ್ಲಿ ಒಂದು ಬಗೆ, ಕೆರೆಯ ತಳದಲ್ಲಿ ಇನ್ನೊಂದು ಬಗೆ, ಚರಂಡಿಯಲ್ಲಿ ಮತ್ತೊಂದು ಬಗೆ. ಹೀಗೇಕೆ? ಎಕ್ಕದ ಬೀಜವನ್ನೂ ಜೊಂಡಿನ ಬೀಜವನ್ನೂ ಗಾಳಿಯು ಎಲ್ಲ ಕಡೆಗೂ ಹಾರಿಸಿಕೊಂಡು ಹೋಗುತ್ತದೆ. ಆದರೂ ಎಕ್ಕ ಬೆಳೆಯುವುದು ಒಣ ಬಯಲಿನಲ್ಲಿ, ಜೊಂಡು ಬೆಳೆಯುವುದು ನೀರಿನಂಚಿನಲ್ಲಿ. ಸೂಕ್ಷ್ಮಜೀವಿಗಳ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಅವು ಗಾಳಿ, ನೀರು, ಧೂಳುಗಳೊಡನೆ ಬಹುದೂರ ಸಂಚರಿಸುತ್ತವೆ. ಯಾವುದು ಎಲ್ಲಿ ಏಳಿಗೆ ಹೊಂದಬೇಕೆಂಬುದನ್ನು ಆಯಾ ಪರಿಸರವು ಆರಿಸುತ್ತದೆ. ಹಾಲೆಂಡಿನ ವಿಜ್ಞಾನಿ ಬಾಸ್ ಬೆಕಿಂಗ್ 1934ರಲ್ಲಿ ಈ ವಿಚಾರವನ್ನು ಮುಂದಿಟ್ಟನು. ಎಲ್ಲ ಜೀವಿಗಳೂ ಎಲ್ಲ ಕಡೆಗೂ ತಲಪುವುದಿಲ್ಲವೆಂದು ಅನಂತರದ ಸಂಶೋಧನೆಗಳು ತೋರಿಸಿವೆ. ಆದರೆ ತೇವ, ಗಾಳಿ, ಶಾಖ, ಆಹಾರ, ಮಣ್ಣಿನ ಹುಳಿ ಅಥವಾ ಕ್ಷಾರಗುಣ ಇವೇ ಆಯ್ಕೆ ಮಾಡುವ ಶಕ್ತಿಗಳೆಂಬ ಮಾತು ಸ್ಥಿರವಾಗಿ ನಿಂತಿದೆ.

ಮೊದಲು ಹೊಲವನ್ನೇ ನೋಡೋಣ. ನೀರು ಆರಿದಾಗ ಅನೇಕ ಬ್ಯಾಕ್ಟೀರಿಯಗಳು ಗಟ್ಟಿಯಾದ ಕವಚದೊಳಗೆ ಬೀಜಾಣುಗಳಾಗಿ ನಿದ್ರಿಸುತ್ತವೆ. ಮಳೆ ಬಂದೊಡನೆ ಎಚ್ಚರಗೊಂಡು ಒಣ ಎಲೆ, ಕೂಳೆ, ಗೊಬ್ಬರಗಳನ್ನು ಕೊಳೆಸಿ, ಬೆಳೆಗೆ ಬೇಕಾದ ಲವಣಗಳನ್ನು ಬಿಡುಗಡೆ ಮಾಡುತ್ತವೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಬಿತ್ತುವುದು ನಮ್ಮ ರೈತರ ಹಳೆಯ ಪದ್ಧತಿ. ಅವರೆಯ ಬೇರಿನಲ್ಲಿ ಚಿಕ್ಕ ಚಿಕ್ಕ ಗಂಟುಗಳಿರುತ್ತವೆ. ಅವುಗಳೊಳಗಿನ ಬ್ಯಾಕ್ಟೀರಿಯಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಇಂತಹ ಬ್ಯಾಕ್ಟೀರಿಯಗಳನ್ನು ಬೇಯರಿಂಕ್ ಎಂಬ ವಿಜ್ಞಾನಿ 1888ರಲ್ಲಿ ಬೇರ್ಪಡಿಸಿದನು. ಆಮ್ಲಜನಕ ಹೆಚ್ಚಾದರೆ ಈ ಕೆಲಸ ಕೆಡುತ್ತದೆ. ಆದುದರಿಂದ ಗಿಡವು ಗಂಟಿನೊಳಗೆ ಆಮ್ಲಜನಕವನ್ನು ಹತೋಟಿಯಲ್ಲಿಡುವ ಕೆಂಪು ವಸ್ತುವೊಂದನ್ನು ಸಿದ್ಧಪಡಿಸುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿರುವ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುವುದು ಇದರಿಂದಲೇ. ತನ್ನ ಒಕ್ಕಲಿಗೆ ತಕ್ಕ ಮನೆಯನ್ನು ಗಿಡವೇ ಕಟ್ಟಿಕೊಡುತ್ತದೆ!

ಹೊಲದಿಂದ ಕೆರೆಗೆ ಬಂದರೆ ಪರಿಸ್ಥಿತಿ ಬದಲಾಗುತ್ತದೆ. ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕವಿದೆ. ಆದರೆ ಒಂದು ಲೀಟರು ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕ ನಮ್ಮ ಹವೆಯಲ್ಲಿ ಸುಮಾರು 8 ಮಿಲಿಗ್ರಾಮು ಮಾತ್ರ. ಕೆರೆಯ ತಳದ ಕೆಸರಿಗೆ ಅದೂ ತಲಪುವುದು ಕಷ್ಟ. ಅಲ್ಲಿ ಆಮ್ಲಜನಕವಿಲ್ಲದೆ ಬದುಕುವ ಜೀವಿಗಳದೇ ಆಳ್ವಿಕೆ. ಕೆಲವು ಸಲ್ಫೇಟನ್ನು ಬಳಸಿ ಕೊಳೆತ ಮೊಟ್ಟೆಯ ನಾತದ ಅನಿಲವನ್ನು ಹೊರಬಿಡುತ್ತವೆ. ಈ ಅನಿಲ ಕಬ್ಬಿಣದೊಡನೆ ಸೇರಿ ಕೆಸರನ್ನು ಕಪ್ಪಾಗಿಸುತ್ತದೆ. ಅದೇ ಗೋಡುಮಣ್ಣನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೆ ಹರಡಿದರೆ ಕೆಲವೇ ದಿನಗಳಲ್ಲಿ ನಾತ ಅಡಗುತ್ತದೆ, ಕಪ್ಪು ಬಣ್ಣ ಮಾಸುತ್ತದೆ. ಗಾಳಿ ದೊರೆತೊಡನೆ ಹಳೆಯ ಒಕ್ಕಲು ಹಿಂದೆ ಸರಿದು, ಮಣ್ಣನ್ನು ಬೆಳೆಗೆ ಹದಗೊಳಿಸುವ ಹೊಸ ಒಕ್ಕಲು ಮುಂದೆ ಬರುತ್ತದೆ.

ಇದನ್ನು ನಾವೇ ಪರೀಕ್ಷಿಸಿ ನೋಡಬಹುದು. ರಷ್ಯದ ವಿಜ್ಞಾನಿ ವಿನೊಗ್ರಾಡ್ಸ್ಕಿ ತೋರಿಸಿಕೊಟ್ಟ ವಿಧಾನವಿದು. ಎತ್ತರದ ಗಾಜಿನ ಜಾಡಿಯೊಂದರಲ್ಲಿ ಕೆರೆಯ ಕೆಸರು, ಹರಿದ ಕಾಗದದ ಚೂರು, ಬೇಯಿಸಿದ ಮೊಟ್ಟೆಯ ಸ್ವಲ್ಪ ಹಳದಿ ಭಾಗ ಇವುಗಳನ್ನು ಬೆರೆಸಿ ತುಂಬಿ, ಮೇಲೆ ಕೆರೆಯ ನೀರನ್ನು ಹಾಕಿ, ಸಡಿಲವಾಗಿ ಮುಚ್ಚಿ ಕಿಟಕಿಯ ಬಳಿ ಇಡಬೇಕು. ಕೆಲವು ವಾರಗಳಲ್ಲಿ ಮೇಲೆ ಹಸಿರು, ನಡುವೆ ನೇರಳೆ ಅಥವಾ ಕಂದು, ಕೆಳಗೆ ಕಪ್ಪು ಹೀಗೆ ಪಟ್ಟೆಗಳು ಮೂಡತೊಡಗುತ್ತವೆ. ಇಂಥದೇ ಇನ್ನೊಂದು ಜಾಡಿಯನ್ನು ಕತ್ತಲಲ್ಲಿಟ್ಟರೆ ಹಸಿರು ನೇರಳೆಗಳು ಹುಟ್ಟುವುದಿಲ್ಲ. ಕೆಸರು ಒಂದೇ; ಬೆಳಕು ಬೇರೆಯಾದುದರಿಂದ ಒಕ್ಕಲು ಬೇರೆಯಾಯಿತು.

ಜಾಡಿಯಲ್ಲಿ ನಡೆಯುವುದು ನದಿಯಲ್ಲಿಯೂ ನಡೆಯುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅದರ ಉಪನದಿಯಾದ ವೃಷಭಾವತಿಯು ಬೆಂಗಳೂರಿನಲ್ಲಿ ಹುಟ್ಟಿ, ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಬೈರಮಂಗಲದ ಮಾರ್ಗವಾಗಿ ಬಂದು ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಕೊಳಚೆಯು ಬ್ಯಾಕ್ಟೀರಿಯಗಳಿಗೆ ಮೃಷ್ಟಾನ್ನ. ಅವು ಅದನ್ನು ಉಣ್ಣುತ್ತಾ ನೀರಿನ ಆಮ್ಲಜನಕವನ್ನು ಮುಗಿಸುತ್ತವೆ. ಮೀನುಗಳು ಉಸಿರು ಕಟ್ಟಿ ಸಾಯುತ್ತವೆ. ಆ ಬಳಿಕ ಜಾಡಿಯ ಕಪ್ಪು ತಳದಲ್ಲಿದ್ದ ಬಗೆಯ ಜೀವಿಗಳೇ ಹರಿವ ನದಿಯನ್ನೂ ಆಕ್ರಮಿಸುತ್ತವೆ. ನೀರು ಬಂಡೆಗಳ ಮೇಲೆ ಧುಮುಕಿ ಹರಿದಾಗ ಗಾಳಿಯನ್ನು ಬೆರೆಸಿಕೊಂಡು ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆದರೆ ಈ ಶಕ್ತಿಗೆ ಮಿತಿಯಿದೆ. ಸೀಸ, ಕ್ರೋಮಿಯಂಗಳಂತಹ ಲೋಹಗಳನ್ನು ಯಾವ ಜೀವಿಯೂ ಕೊಳೆಸಿ ಇಲ್ಲವಾಗಿಸಲಾರದು. ಅದೇ ನೀರನ್ನು ಹೊಲಕ್ಕೆ ಹಾಯಿಸುವ ರೈತನಿಗೆ ಇದು ಬದುಕಿನ ಪ್ರಶ್ನೆ.

ಪರಿಹಾರವೂ ಇದೇ ನಿಯಮದಲ್ಲಿ ಅಡಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು 1914ರಲ್ಲಿ ಕೊಳಚೆ ನೀರಿಗೆ ಗಾಳಿಯನ್ನು ಊದಿ, ತಳಕ್ಕಿಳಿದ ಕೆಸರನ್ನು ಮತ್ತೆ ಮತ್ತೆ ಬಳಸಿ, ನೀರನ್ನು ಬೇಗನೆ ಶುದ್ಧಿಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಗಾಳಿಯನ್ನು ಒದಗಿಸಿದರೆ ಸಾಕು, ಕೊಳೆಯನ್ನು ಉಣ್ಣುವ ಜೀವಿಗಳು ತಾವಾಗಿಯೇ ವೃದ್ಧಿಹೊಂದಿದವು. ಇಂದಿಗೂ ಅನೇಕ ನಗರಗಳಲ್ಲಿ ಕೊಳಚೆ ನೀರನ್ನು ಈ ವಿಧಾನದಿಂದ ಶುದ್ಧೀಕರಿಸುತ್ತಾರೆ.

ಸೂಕ್ಷ್ಮಜೀವಿಗಳಲ್ಲಿ ನಮ್ಮ ಮಿತ್ರರೂ ಇದ್ದಾರೆ, ಶತ್ರುಗಳೂ ಇದ್ದಾರೆ. ಅವರಲ್ಲಿ ಯಾರು ನಮ್ಮ ಹೊಲದಲ್ಲಿ, ಕೆರೆಯಲ್ಲಿ, ನದಿಯಲ್ಲಿ ನೆಲಸಬೇಕೆಂಬುದು ನಾವು ಆ ಮಣ್ಣು ನೀರುಗಳನ್ನು ಯಾವ ಸ್ಥಿತಿಯಲ್ಲಿ ಇಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಮೊದಲ ಮಳೆಗೆ ನೆಲವು ಕಂಪು ಸೂಸುವುದೂ, ಹೊಳೆಯು ದುರ್ನಾತ ಬೀರುವುದೂ ಈ ಕಾಣದ ಒಕ್ಕಲು ನಮಗೆ ಕಳುಹಿಸುವ ವರದಿಗಳು. ಅವನ್ನು ಓದಿ ಅರ್ಥಮಾಡಿಕೊಳ್ಳುವುದು ನಮ್ಮ ಕರ್ತವ್ಯ.